ಟೊರಾಂಟೊಗೆ ಹೊರಟಿರುವ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗೆ

ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿದ್ದೀರಿ, ಟೊರಾಂಟೊದಲ್ಲಿ ಪರಿಮಾಣಾತ್ಮಕ ಮನೋವಿಜ್ಞಾನದ (ಮನೋವಿಜ್ಞಾನಕ್ಕೆ ಬೇಕಾದ ಅಳತೆ, ಅಂಕಿಅಂಶಗಳ ವಿಧಾನಗಳ ಶಾಖೆ) ಪಿಎಚ್‌.ಡಿ.ಗೆ ಸೀಟು ಸಿಕ್ಕಿದೆ. ದತ್ತಾಂಶವನ್ನು ಚಿತ್ರವಾಗಿ ತೋರಿಸುವುದನ್ನೇ ವಿಷಯವಾಗಿ ಆರಿಸಿಕೊಂಡರೆ ಅದನ್ನು ಸಂಶೋಧನೆ ಎಂದು ಒಪ್ಪುತ್ತಾರೆಯೇ, ಮುಂದೆ ಅಧ್ಯಾಪಕ ಹುದ್ದೆ ಸಿಗುತ್ತದೆಯೇ ಎಂದು ಕೇಳಿದ್ದೀರಿ. ಒಪ್ಪುತ್ತಾರೆ. ಆದರೆ ಇಲ್ಲಿ ಸಂಬಳ ಕೊಡುವುದು ಬೇರೆ ಕೆಲಸಕ್ಕೆ.

ಮೊದಲು ಚಿತ್ರದ ಮಾತು. ಒಂದೇ ಅಳತೆಗೆರೆಯ ಮೇಲಿನ ಬಿಂದುಗಳನ್ನು ಕಣ್ಣು ನಿಖರವಾಗಿ ಹೋಲಿಸುತ್ತದೆ, ಕೋನ ಮತ್ತು ವಿಸ್ತೀರ್ಣಗಳಲ್ಲಿ ಎಡವುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞರಾದ ಕ್ಲೀವ್‌ಲೆಂಡ್ ಮತ್ತು ಮೆಕ್‌ಗಿಲ್ 1984ರಲ್ಲಿ ಪ್ರಯೋಗ ಮಾಡಿ ತೋರಿಸಿದರು. ಹೊರಗಿನ ಪ್ರಚೋದನೆಗೂ ಒಳಗಿನ ಅನುಭವಕ್ಕೂ ಇರುವ ಸಂಬಂಧವನ್ನು ಅಳೆಯಲು ಜರ್ಮನ್ ವಿಜ್ಞಾನಿ ಫೆಕ್ನರ್ 1860ರಲ್ಲೇ ಹೊರಟಿದ್ದ. ಹಾಗಾಗಿ ಈ ಪ್ರಶ್ನೆ ಮನೋವಿಜ್ಞಾನ ವಿಭಾಗಕ್ಕೆ ಹೊರಗಿನದಲ್ಲ. ಇದೇ ಊರಿನ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕ ಮೈಕೆಲ್ ಫ್ರೆಂಡ್ಲಿ ವರ್ಗೀಕೃತ ದತ್ತಾಂಶದ (ಅಳೆಯದೆ ಗುಂಪುಗಳಾಗಿ ಎಣಿಸಿದ್ದರ) ಚಿತ್ರಣವನ್ನೂ ದತ್ತಾಂಶ ಚಿತ್ರಣದ ಇತಿಹಾಸವನ್ನೂ ಹಿಡಿದು ಇಡೀ ವೃತ್ತಿಜೀವನ ಕಟ್ಟಿದರು. ಅವರ ಮೊಸಾಯಿಕ್ ಚಿತ್ರಗಳನ್ನು, ಅಂದರೆ ಪ್ರತಿ ಗುಂಪಿನ ಎಣಿಕೆಗೆ ತಕ್ಕ ವಿಸ್ತೀರ್ಣದ ಆಯತಗಳನ್ನು ಜೋಡಿಸಿದ ಚಿತ್ರಗಳನ್ನು, ಗಮನವಿಟ್ಟು ನೋಡಿ. ಪ್ರತಿ ಆಯತದ ಬಣ್ಣದ ಹಿಂದೆ ಒಂದು ಲಾಗ್‌ಲೀನಿಯರ್ ಮಾದರಿ (ಆ ಎಣಿಕೆಗಳು ಎಷ್ಟಿರಬೇಕೆಂದು ಅಂದಾಜಿಸುವ ಸೂತ್ರ) ಇದೆ. ದತ್ತಾಂಶ ಆ ಮಾದರಿಯಿಂದ ಎಷ್ಟು ದೂರ ಸರಿದಿದೆ ಎಂಬುದನ್ನು ಬಣ್ಣ ಹೇಳುತ್ತದೆ. ಮಾದರಿಯನ್ನು ಬಿಟ್ಟು ಬರಿಯ ಚಿತ್ರ ಹಿಡಿದು ಹೋದರೆ ನಿಮ್ಮನ್ನು ಅಲಂಕಾರದವರ ಸಾಲಿನಲ್ಲಿ ಕೂರಿಸುತ್ತಾರೆ.

ಇನ್ನು ಸಂಬಳದ ಕೆಲಸ. ವಿಭಾಗಕ್ಕೆ ನೀವು ಬೇಕಾಗುವುದು ಹಿಂಜರಿತ ವಿಶ್ಲೇಷಣೆ (ರಿಗ್ರೆಶನ್), ಅಂಶ ವಿಶ್ಲೇಷಣೆ (ಫ್ಯಾಕ್ಟರ್ ಅನಾಲಿಸಿಸ್), ಲೆಕ್ಕಕ್ಕೆ ಬಳಸುವ ಆರ್ (R) ತಂತ್ರಾಂಶ ಇವನ್ನು ಕಲಿಸುವುದಕ್ಕೆ. ಕಲಿಯುವವರು ಅಂಕಿಗಳೆಂದರೆ ಬೆವರುವ ವಿದ್ಯಾರ್ಥಿಗಳು. ಅವರು ದತ್ತಾಂಶವನ್ನೆಲ್ಲ ಸಂಗ್ರಹಿಸಿ ಮುಗಿಸಿದ ಮೇಲೆ, ಸಂಖ್ಯಾಶಾಸ್ತ್ರದ ಯಾವ ಪರೀಕ್ಷೆ ಹಾಕಲಿ ಎಂದು ಕೇಳಿಕೊಂಡು ಬರುತ್ತಾರೆ. ನಿನಗೆ ತಿಳಿಯಬೇಕಾದದ್ದೇನು ಎಂದು ತಾಳ್ಮೆಯಿಂದ ತಿರುಗಿ ಕೇಳಬಲ್ಲವರಿಗೆ ಈ ವೃತ್ತಿ ಒಗ್ಗುತ್ತದೆ. ನನಗಂತೂ ಇದು ಪ್ರಬಂಧ ಬರೆಯುವುದಕ್ಕಿಂತ ಹೆಚ್ಚು ಖುಷಿ ಕೊಟ್ಟಿದೆ.

ನೆಂಟರಿಗೆ ಮೊದಲೇ ಹೇಳಿಬಿಡಿ: ಈ ಪದವಿ ಪಡೆದು ರೋಗಿಗಳನ್ನು ನೋಡುವಂತಿಲ್ಲ. ಅದಕ್ಕೆ ಕ್ಲಿನಿಕಲ್ ತರಬೇತಿ, ನೋಂದಣಿ ಎಲ್ಲ ಬೇರೆ.

ಚಳಿಯ ಬಗ್ಗೆ ಎಲ್ಲರೂ ಹೇಳುತ್ತಾರೆ, ನಾನು ಹೇಳುವುದಿಲ್ಲ. ಮಾರ್ಗದರ್ಶಕರನ್ನು ಹೆಸರು ಹಿಡಿದು ಕರೆಯುವುದು ಮೊದಮೊದಲು ನಾಲಿಗೆಗೆ ಬರುವುದಿಲ್ಲ; ಅದಕ್ಕಿಂತ ಕಷ್ಟ, ಸೆಮಿನಾರಿನಲ್ಲಿ ಅವರ ಎದುರೇ ‘ಇದು ನನಗೆ ಒಪ್ಪಿಗೆಯಿಲ್ಲ’ ಎನ್ನುವುದು. ಸುಮ್ಮನೆ ಕುಳಿತರೆ ಅದನ್ನು ವಿನಯವೆಂದು ಯಾರೂ ತಿಳಿಯುವುದಿಲ್ಲ, ಓದಿಕೊಂಡು ಬಂದಿಲ್ಲ ಎಂದುಕೊಳ್ಳುತ್ತಾರೆ. ಕೆನಡಾದ ಅಧ್ಯಾಪಕ ಹುದ್ದೆಗಳ ಜಾಹೀರಾತಿನಲ್ಲಿ ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಆದ್ಯತೆ ಎಂಬ ಸಾಲು ಇರುತ್ತದೆ. ಕಾಯಂ ನಿವಾಸದ ಅರ್ಜಿಯನ್ನು ಪದವಿ ಮುಗಿಯುವವರೆಗೆ ಮುಂದೂಡಬೇಡಿ.

ಪ್ರವೇಶ ಪತ್ರಕ್ಕೆ ಸಹಿ ಹಾಕುವ ಮೊದಲು ಅದರಲ್ಲಿ ನಮೂದಿಸಿದ ಹಣದಲ್ಲಿ ವಿದ್ಯಾರ್ಥಿವೇತನ ಎಷ್ಟು, ಬೋಧನಾ ಸಹಾಯಕರ ದುಡಿಮೆಯ ಸಂಬಳ ಎಷ್ಟು, ಶುಲ್ಕ ಕಳೆದು ಕೈಗೆ ಉಳಿಯುವುದೆಷ್ಟು ಎಂದು ಲೆಕ್ಕ ಹಾಕಿ. ಮಾರ್ಗದರ್ಶಕರ ಹಳೆಯ ವಿದ್ಯಾರ್ಥಿಗಳಿಗೂ ಬರೆಯಿರಿ. ಸ್ವತಂತ್ರವಾಗಿ ಒಂದು ಕೋರ್ಸ್ ಕಲಿಸುವ ಅವಕಾಶ ಅವರಿಗೆ ಸಿಕ್ಕಿತ್ತೇ ಎಂದು ಕೇಳಿ. ಇಲ್ಲ ಎಂಬ ಉತ್ತರವೇ ಬರುತ್ತಿದ್ದರೆ ಬೇರೆ ಮಾರ್ಗದರ್ಶಕರನ್ನು ಹುಡುಕಿ.