ಅಮ್ಮ ಇಳಿದ ಮೇಲೆ ಮಗ ತೂರಾಡ್ತಿದ್ದಾನೆ

ಪ್ರಶ್ನೆ: ಮಗನಿಗೆ 4 ವರ್ಷ. ಎರಡು ವಾರದ ಹಿಂದೆ ಅಮ್ಮ ಆಗಿತ್ತು, ಡಾಕ್ಟರು ಚಿಕನ್‌ಪಾಕ್ಸ್ ಅಂದಿದ್ದರು. ಗುಳ್ಳೆ ಒಣಗಿ ಜ್ವರವೂ ಬಿಟ್ಟಿದೆ. ನಿನ್ನೆಯಿಂದ ನಡೆಯುವಾಗ ತೂರಾಡುತ್ತಾನೆ. ಹಾಲಿನ ಲೋಟ ಹಿಡಿದರೆ ಚೆಲ್ಲಿಕೊಳ್ಳುತ್ತಾನೆ. ಉಳಿದಂತೆ ಚುರುಕಾಗಿದ್ದಾನೆ. ಅಮ್ಮ ಇದ್ದಾಗ ಒಗ್ಗರಣೆ ಹಾಕಿದ್ದಕ್ಕೇ ಹೀಗಾಯ್ತು ಅಂತ ಅತ್ತೆ ಬೈಯುತ್ತಿದ್ದಾರೆ. ಮೆದುಳಿಗೆ ಏನಾದರೂ ಆಗಿದೆಯಾ?

ಉತ್ತರ: ಒಗ್ಗರಣೆಯದ್ದೂ ತಪ್ಪಿಲ್ಲ, ನಿಮ್ಮದೂ ಇಲ್ಲ. ಆದರೆ ಸುಮ್ನೆ ಕಾಯಬೇಡಿ, ಇವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ.

ತಲೆಯ ಹಿಂದೆ, ಕತ್ತಿನ ಮೇಲ್ಗಡೆ ಕಿರುಮೆದುಳು ಇದೆ. ಹೆಜ್ಜೆ ಎಲ್ಲಿಡಬೇಕು, ಲೋಟಕ್ಕೆ ಕೈ ಎಷ್ಟು ಚಾಚಬೇಕು ಅನ್ನುವ ಲೆಕ್ಕವೆಲ್ಲ ಅದರದು. ವೈರಸ್ ಮೇಲೆ ಯುದ್ಧಕ್ಕೆ ಹೊರಟ ದೇಹದ ಸೈನ್ಯ ಒಮ್ಮೊಮ್ಮೆ ದಾರಿ ತಪ್ಪಿ ಈ ಕಿರುಮೆದುಳಿಗೇ ತೊಂದರೆ ಕೊಡುತ್ತದೆ. ಚಿಕನ್‌ಪಾಕ್ಸ್ ಬಂದ ಸುಮಾರು 4,000 ಮಕ್ಕಳಲ್ಲಿ ಒಬ್ಬರಿಗೆ ಹೀಗಾಗಬಹುದು. ಕೈಕಾಲಲ್ಲಿ ಬಲ ಇರುತ್ತದೆ, ಅಳತೆ ತಪ್ಪುತ್ತದೆ ಅಷ್ಟೆ. "ಮೂಗು ಮುಟ್ಟು ಪುಟ್ಟಾ" ಅಂದರೆ ಬೆರಳು ನಡುಗುತ್ತಾ ಕೆನ್ನೆಗೆ ಹೋಗುತ್ತದೆ. ನೋಡೋಕೆ ಭಯವಾಗುತ್ತದೆ ನಿಜ. ಆದರೆ ಹೆಚ್ಚಿನ ಮಕ್ಕಳು ಕೆಲವೇ ವಾರಗಳಲ್ಲಿ ತಾವಾಗಿಯೇ ಸರಿಹೋಗುತ್ತಾರೆ. ಕೆಲವರಿಗೆ ಎರಡು ಮೂರು ತಿಂಗಳು ಹಿಡಿಯುತ್ತದೆ.

ಹಾಗಿದ್ದರೆ ಡಾಕ್ಟರು ಯಾಕೆ ಅಂತೀರಾ? ತೂರಾಟಕ್ಕೆ ಬೇರೆ ಕಾರಣಗಳೂ ಇವೆಯಲ್ಲ. ನನ್ನ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಮನೆಯಲ್ಲಿ ಯಾರದಾದರೂ ನಿದ್ದೆ ಮಾತ್ರೆ, ಫಿಟ್ಸ್ ಮಾತ್ರೆ ಮಗುವಿನ ಕೈಗೆ ಸಿಕ್ಕಿತ್ತಾ? ಅತ್ತೆಯವರ ಮಾತ್ರೆ ಪಟ್ಟಿಯನ್ನೂ ಒಮ್ಮೆ ಎಣಿಸಿಬಿಡಿ. ಎಷ್ಟೋ ದಿನದಿಂದ ತಲೆನೋವು, ಬೆಳಿಗ್ಗೆ ಎದ್ದ ಕೂಡಲೇ ವಾಂತಿ ಇದ್ದರೆ ಅದನ್ನೂ ಮರೆಯದೆ ಹೇಳಿ. ಸ್ಕ್ಯಾನ್ ಬೇಕಾಗಬಹುದು.

ಜ್ವರ ಮರಳಿತು, ಕರೆದರೂ ಕಣ್ಣು ಬಿಡುತ್ತಿಲ್ಲ, ಮೇಲಿಂದ ಮೇಲೆ ವಾಂತಿ, ಫಿಟ್ಸ್, ಕತ್ತು ಬಿಗಿತ, ಇವುಗಳಲ್ಲಿ ಒಂದು ಕಂಡರೂ ಮೆದುಳಿಗೇ ಬಾವು ಬಂದಿರಬಹುದು. ಆಗ ಮಧ್ಯರಾತ್ರಿಯಾದರೂ ಸರಿ, ಐಸಿಯು ಇರುವ ಆಸ್ಪತ್ರೆಗೆ ಓಡಿ.

ಇನ್ನೊಂದು ಮಾತು. ಚಿಕನ್‌ಪಾಕ್ಸ್, ಫ್ಲೂ ಬಂದ ಮಕ್ಕಳಿಗೆ ಆಸ್ಪಿರಿನ್ ಬೇಡವೇ ಬೇಡ. ಲಿವರ್ ಮತ್ತು ಮೆದುಳು ಎರಡನ್ನೂ ಕೆಡಿಸುವ ಅಪರೂಪದ ಕಾಯಿಲೆಗೆ ಅದು ದಾರಿ. 1963ರಲ್ಲಿ ಆಸ್ಟ್ರೇಲಿಯಾದ ಡಾಕ್ಟರ್ ರೇ ವಿವರಿಸಿದ ಕಾಯಿಲೆ ಅದು, ಅವರದೇ ಹೆಸರು ಉಳಿದಿದೆ. ಜ್ವರಕ್ಕೆ ತೂಕ ನೋಡಿ ಕೊಟ್ಟ ಪ್ಯಾರಾಸಿಟಮಾಲ್ ಸಾಕು.

ನಡಿಗೆ ಸರಿಹೋಗುವವರೆಗೆ ಮೆಟ್ಟಿಲ ಹತ್ತಿರ ಒಬ್ಬನನ್ನೇ ಬಿಡಬೇಡಿ, ಸೈಕಲ್ ಎತ್ತಿಡಿ. ಹಾಲನ್ನು ಮುಚ್ಚಳ ಇರುವ ಸಿಪ್ಪರಿನಲ್ಲಿ ಕೊಡಿ. ಚೆಲ್ಲಿದಾಗಲೆಲ್ಲ ಬೈಸಿಕೊಳ್ಳುವುದಾದರೂ ತಪ್ಪುತ್ತದೆ, ಅಲ್ವಾ?