ತೊಟ್ಟಿಯ ಎರೆಹುಳು ತೋಟದಲ್ಲಿ ಯಾಕೆ ನಿಲ್ಲಲಿಲ್ಲ?

ಪ್ರಶ್ನೆ: ಕಳೆದ ಮಳೆಗಾಲದಲ್ಲಿ 2 ಕೆ.ಜಿ. ಎರೆಹುಳು ದುಡ್ಡು ಕೊಟ್ಟು ತಂದು ಅಡಿಕೆ ಮರದ ಬುಡಕ್ಕೆ ಬಿಟ್ಟೆ. ಈಗ ಮಾರ್ಚ್‌ನಲ್ಲಿ ಒಂದಡಿ ಅಗೆದರೂ ಒಂದು ಹುಳು ಕಾಣಲಿಲ್ಲ. ತೋಟದ ಹುಳುಗಳನ್ನೇ ಹಿಡಿದು ಗೊಬ್ಬರದ ತೊಟ್ಟಿಗೆ ಹಾಕಿದ್ದೆ, ಅವೂ ಉಳಿಯಲಿಲ್ಲ. ಎಲ್ಲಿ ತಪ್ಪಾಯಿತು?
– ಅಡಿಕೆ ಬೆಳೆಗಾರರು, ಸಾಗರ

ಉತ್ತರ: ಎರಡು ಸಲವೂ ಹುಳುಗಳನ್ನು ಊಟ ಸಿಗದ ಕಡೆ ಬಿಟ್ಟಿದ್ದೀರಿ, ಅಷ್ಟೇ.

ಮಾರಾಟಕ್ಕೆ ಸಿಗುವುದು ಹೆಚ್ಚಾಗಿ ಆಫ್ರಿಕಾ ಮೂಲದ ಯೂಡ್ರಿಲಸ್ ಯೂಜಿನಿಯೆ ಅಥವಾ ಯುರೋಪ್ ಮೂಲದ ಐಸೀನಿಯಾ ಫೆಟಿಡಾ. ಕೊಳೆಯುತ್ತಿರುವ ಸಗಣಿ, ಸೊಪ್ಪು, ದರಗೇ (ಉದುರಿದ ಒಣ ಎಲೆ) ಇವುಗಳ ಊಟ, ಅದೇ ಮನೆ. ಬರೀ ಮಣ್ಣಿಗೆ ಬಿಟ್ಟರೆ ಹಸಿದು ಸಾಯುತ್ತವೆ, ಇಲ್ಲವೇ ಇರುವೆ, ಹಕ್ಕಿಗಳ ಪಾಲಾಗುತ್ತವೆ.

ತೋಟದ ಹುಳು ಹಾಗಲ್ಲ. ಅದು ಮಣ್ಣನ್ನೇ ನುಂಗಿ ಅದರಲ್ಲಿರುವ ಸಾವಯವ ಅಂಶ ಅರಗಿಸಿಕೊಳ್ಳುತ್ತದೆ, ಬಿಲ ಕೊರೆಯುತ್ತದೆ. ಮಳೆ ನೀರು ಆ ಬಿಲದಲ್ಲೇ ಕೆಳಗಿಳಿಯುತ್ತದೆ. ಬೇಸಿಗೆಯಲ್ಲಿ ತೇವ ಹುಡುಕಿಕೊಂಡು ಆಳಕ್ಕೆ ಹೋಗಿ ಮುದುಡಿ ಮಲಗುತ್ತದೆ. ನೀವು ಅಗೆದದ್ದು ಮಾರ್ಚ್‌ನಲ್ಲಿ ಅಲ್ವಾ? ಜೂನ್ ಮಳೆ ಹಿಡಿದ ಮೇಲೆ ಬೆಳಿಗ್ಗೆ ನೋಡಿ. ನೆಲದ ಮೇಲೆ ಶ್ಯಾವಿಗೆ ಹಿಂಡಿಟ್ಟ ಹಾಗೆ ಮಣ್ಣಿನ ಹಿಕ್ಕೆ ಕಂಡರೆ ಹುಳು ಕೆಳಗಿವೆ ಅಂತಲೇ ಲೆಕ್ಕ.

ಗುರುತು ಹಿಡಿಯೋದು ಕಷ್ಟವಿಲ್ಲ. ಗೊಬ್ಬರದ ಹುಳುವಿನ ಬೆನ್ನು ಕೆಂಪು-ಕಂದು, ಮಣ್ಣು ತಿನ್ನುವುದು ಹೆಚ್ಚಾಗಿ ಬಿಳಿಚಿಕೊಂಡಿರುತ್ತದೆ.

ದೇಸಿ ಒಳ್ಳೇದೋ ವಿದೇಶಿಯೋ ಅನ್ನುವ ಜಗಳ ಮಾತ್ರ ಸುಮ್ನೆ. ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ನಮ್ಮ ಕಡೆಯದೇ, ಆದರೂ ತೊಟ್ಟಿಯಲ್ಲಿ ಚೆನ್ನಾಗಿ ಗೊಬ್ಬರ ಮಾಡುತ್ತದೆ. ನಮ್ಮ ತೋಟಗಳಲ್ಲಿ ಮಣ್ಣು ತಿಂದುಕೊಂಡು ಹಾಯಾಗಿರುವ ಪಾಂಟೊಸ್ಕೊಲೆಕ್ಸ್ ದಕ್ಷಿಣ ಅಮೆರಿಕದಿಂದ ಬಂದದ್ದು!

ಹಾಗಾಗಿ ಕೊಂಡ ಹುಳು ತೊಟ್ಟಿಯಲ್ಲೇ ಇರಲಿ, ತೋಟಕ್ಕೆ ಅದರ ಗೊಬ್ಬರ ಹಾಕಿ. ಮಣ್ಣಿನ ಹುಳುವಿಗೆ ನೆರಳು, ತೇವ, ದರಗಿನ ಹೊದಿಕೆ ಇದ್ದರೆ ಸಾಕು. ಅಗತೆ ಕಡಿಮೆ ಮಾಡಿ. ಅಡಿಕೆಯ ಕೊಳೆ ರೋಗಕ್ಕೆ ಬೋರ್ಡೋ (ತಾಮ್ರವಿರುವ ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯದೆ ವಿಧಿಯಿಲ್ಲ, ಗೊತ್ತು. ಆದರೆ ಡ್ರಮ್ಮಿನಲ್ಲಿ ಉಳಿದದ್ದನ್ನು ಮರದ ಬುಡಕ್ಕೆ ಸುರಿಯಬೇಡಿ. ತಾಮ್ರ ಜಾಸ್ತಿಯಾದ ಮಣ್ಣಲ್ಲಿ ಎರೆಹುಳು ನಿಲ್ಲುವುದಿಲ್ಲ.

ಈ ಮಳೆಗಾಲದಲ್ಲಿ ಮರದ ನೆರಳಲ್ಲಿ ಒಂದು ಬುಟ್ಟಿ ಹಳೇ ಸಗಣಿ ಹಾಕಿ, ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಮೂರ್ನಾಲ್ಕು ವಾರ ಬಿಟ್ಟು ಚೀಲ ಎತ್ತಿದರೆ ಯಾರು ಯಾರು ಬಂದಿದ್ದಾರೆ ಅಂತ ನೀವೇ ಎಣಿಸಬಹುದು.