ಕ್ರಿಸ್‌ಮಸ್ ಗೋದಲಿಯ ಅರ್ಥವೇನು, ಅದು ಎಲ್ಲಿಂದ ಬಂತು?

ಮೈಸೂರಿನ ಸಂತ ಫಿಲೋಮಿನಾ ಚರ್ಚಿನಲ್ಲಿ ಡಿಸೆಂಬರ್ ತಿಂಗಳಲ್ಲಿ ಕಾಣುವ ಗೋದಲಿ, ಅಂದರೆ ಯೇಸುವಿನ ಜನನವನ್ನು ಬೊಂಬೆಗಳಿಂದ ತೋರಿಸುವ ದೃಶ್ಯ, ಯಾವುದರ ಸಂಕೇತವೆಂದು ನೀವು ಕೇಳಿದ್ದೀರಿ. ಗೋದಲಿ ಎಂಬ ಪದದ ಅರ್ಥ ದನಗಳಿಗೆ ಮೇವು ಹಾಕುವ ತೊಟ್ಟಿ. ಛತ್ರದಲ್ಲಿ ಸ್ಥಳ ಸಿಗದೆ ಯೇಸುವಿನ ತಾಯಿ ಮರಿಯಳು ತನ್ನ ಶಿಶುವನ್ನು ಅದರಲ್ಲಿ ಮಲಗಿಸಿದಳೆಂದು ಬೈಬಲಿನ ಲೂಕನ ಸುವಾರ್ತೆ ಹೇಳುತ್ತದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿಯ ಬಳಿ ಜೀವಂತ ಎತ್ತು ಮತ್ತು ಕತ್ತೆಯನ್ನು ನಿಲ್ಲಿಸಿ, ಯೇಸು ಎಂಥ ಬಡತನದಲ್ಲಿ ಹುಟ್ಟಿದರೆಂಬುದನ್ನು ಜನರು ಕಣ್ಣಾರೆ ಕಾಣುವಂತೆ ಮಾಡಿದ ಮೇಲೆ ಈ ಪದ್ಧತಿ ವ್ಯಾಪಕವಾಯಿತು. ಆ ಎತ್ತು ಮತ್ತು ಕತ್ತೆ ಸುವಾರ್ತೆಯ ಜನನವೃತ್ತಾಂತದಲ್ಲಿ ಇಲ್ಲವೆಂಬುದು ಅನೇಕರಿಗೆ ತಿಳಿದಿಲ್ಲ. ಬೈಬಲಿನ ಯೆಶಾಯನ ಗ್ರಂಥದ ಒಂದು ವಚನವನ್ನು ಆಧರಿಸಿ ಅವುಗಳನ್ನು ಸೇರಿಸಲಾಗಿದೆ. ದಸರೆಗೆ ಬೊಂಬೆ ಕೂರಿಸುವ ನಮ್ಮ ಊರಿನವರಿಗೆ, ಬೊಂಬೆಗಳ ಮೂಲಕ ಕಥೆ ಹೇಳುವ ಈ ಕ್ರಮ ಬಹಳ ಹತ್ತಿರದ್ದೆಂದು ನನಗೆ ಅನ್ನಿಸುತ್ತದೆ. ಗೋದಲಿಯ ಮೇಲೆ ತೂಗುವ ನಕ್ಷತ್ರವು ಮತ್ತಾಯನ ಸುವಾರ್ತೆಯಲ್ಲಿ ಮೂಡಣ ದೇಶದ ಜ್ಞಾನಿಗಳಿಗೆ ದಾರಿ ತೋರಿದ ತಾರೆಯಾಗಿದ್ದು, ಫಿಲಿಪ್ಪೀನ್ಸ್‌ನಲ್ಲಿ ಅದನ್ನು ಬಿದಿರು ಮತ್ತು ಕಾಗದದಿಂದ ಮಾಡಿ ಪರೋಲ್ ಎಂದು ಕರೆಯುತ್ತಾರೆ. ಸ್ಪೇನಿನಲ್ಲಿ ಮಕ್ಕಳಿಗೆ ಆ ಜ್ಞಾನಿಗಳ ಹೆಸರಿನಲ್ಲಿ ಉಡುಗೊರೆ ಸಿಗುವುದು ಜನವರಿ 6ರಂದು.